ರೇಷ್ಮೆ ಸೀರೆಯಲ್ಲಿ ಚಿತ್ರಕ್ಕೆ ಕೂತದ್ದು

ಜಪಾನಿನಲ್ಲಿ ಭೂಕಂಪವಾದ ವರ್ಷ ನಿಶಿ ಕಸಾಯಿಯ ನಮ್ಮ ಕಟ್ಟಡದಲ್ಲಿದ್ದ ಕನ್ನಡದ ಮನೆಗಳೆಲ್ಲ ಖಾಲಿಯಾದವು. ನನ್ನ ಗಂಡ ಆಫೀಸು ಬಿಡುವಂತಿರಲಿಲ್ಲ, ನಾವು ಉಳಿದೆವು. ಅವರು ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯವರೆಗೆ ನನ್ನ ಕನ್ನಡವೆಲ್ಲ ಫೋನಿನಲ್ಲಿ ಅಮ್ಮನ ಹತ್ತಿರ. ಅದರಲ್ಲೂ ಅರ್ಧ, ಚೆನ್ನಾಗಿದ್ದೀನಿ ಅನ್ನುವ ಸುಳ್ಳು.

ಬೇಸಿಗೆಯಲ್ಲಿ ಹತ್ತಿರದ ಸಭಾಭವನದ ಚಿತ್ರಕಲೆ ತರಗತಿಗೆ ಸೇರಿದೆ. ನನ್ನನ್ನು ಬಿಟ್ಟರೆ ಎಲ್ಲರೂ ನಿವೃತ್ತರು. ಇಟಲಿಯಲ್ಲಿ ಕಲಿತು ಬಂದಿದ್ದ ಮೇಷ್ಟ್ರನ್ನು ಎಲ್ಲರಂತೆ ನಾನೂ ಸೆನ್ಸೇ ಅನ್ನುತ್ತಿದ್ದೆ. ಅವರು ರೆನೆಸಾನ್ಸ್ ಕಾಲದ ಭಾವಚಿತ್ರಗಳನ್ನು ತೋರಿಸಿ ಪಾಠ ಮಾಡುತ್ತಿದ್ದರು.

"ಮುಖ ಆಮೇಲೆ, ಮೊದಲು ತೋಳು ನೋಡಿ. ಮಖಮಲ್ಲು, ಅಂಚಿಗೆ ತುಪ್ಪಳ. ಚಿತ್ರಕಾರ ಹಿಂದೆಲ್ಲ ಕತ್ತಲು ಬಳಿದು ಬೆಳಕನ್ನು ಬಟ್ಟೆ ಮೇಲೆ ಬೀಳಿಸಿದ್ದಾನೆ. ಇವನು ದೊಡ್ಡ ಮನುಷ್ಯ ಅಂತ ಹೇಳ್ತಿರೋದು ಆ ತೋಳು."

ಒಂದು ದಿನ ಅವರು ನನ್ನನ್ನೇ ಕೇಳಿದರು, ಮುಂದಿನ ವಾರ ನಿಮ್ಮ ದೇಶದ ಒಳ್ಳೆಯ ಉಡುಪಿನಲ್ಲಿ ಕೂರುತ್ತೀರಾ ಎಂದು. ಮದುವೆಯ ಕೆಂಪು ಸೀರೆ ತೆಗೆದೆ. ಎಷ್ಟೋ ತಿಂಗಳ ಮೇಲೆ ಯಾರೋ ನನ್ನನ್ನು ನೋಡುವವರಿದ್ದರು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತೆ.

ಭೂಕಂಪದಿಂದಾಗಿ ಆ ವರ್ಷ ವಿದ್ಯುತ್ತಿನ ಉಳಿತಾಯ. ಏಸಿ ಇಲ್ಲ, ಅರ್ಧ ದೀಪ ಆರಿಸಿದ್ದರು. ಸೆರಗಿನ ಮೇಲೆ ಬೆಳಕು ಬೀಳಲಿ ಎಂದು ಕಿಟಕಿಯ ಪಕ್ಕ ಕೂರಿಸಿದರು. ಎರಡು ಗಂಟೆ ಅಲುಗಾಡದೆ ಕೂತೆ.

ಕೊನೆಗೆ ಚಿತ್ರಗಳನ್ನು ಗೋಡೆಗೆ ಒರಗಿಸಿದರು. ಜರಿಯ ಒಂದೊಂದು ಮಾವಿನಕಾಯಿಯನ್ನೂ ಬಿಡದೆ ಬರೆದಿದ್ದರು. ಮುಖದ ಜಾಗದಲ್ಲಿ ಎರಡು ದೊಡ್ಡ ಕಣ್ಣು, ಒಂದು ಬೊಟ್ಟು. ಅದು ಯಾರಾದರೂ ಆಗಬಹುದಿತ್ತು.

ಒಬ್ಬ ಅಜ್ಜಿಯ ಚಿತ್ರ ಮಾತ್ರ ಬೇರೆ. ಸೀರೆಯನ್ನು ಒಂದೇ ಕಂದು ಬಣ್ಣದಲ್ಲಿ ಮುಗಿಸಿ ಬೆಳಕನ್ನೆಲ್ಲ ನನ್ನ ಮುಖಕ್ಕೆ ಕೊಟ್ಟಿದ್ದರು. ಮೇಲ್ದುಟಿಯ ಬೆವರು ಕೂಡ ಇತ್ತು.

"ಇದರಲ್ಲಿ ಇವರ ಅಂತಸ್ತು ಕಾಣ್ತಿಲ್ಲ," ಅಂದರು ಸೆನ್ಸೇ, ಮೆತ್ತಗೆ.

"ಸುಮಿಮಾಸೆನ್," ಅಂತ ಕ್ಷಮೆ ಕೇಳಿ ತಲೆಬಾಗಿಸಿದ ಅಜ್ಜಿ ನನ್ನ ಕಡೆ ತಿರುಗಿದರು. "ನಿಮ್ಮವರೆಲ್ಲ ಹೋದರಲ್ಲ. ಮನೇಲಿ ಒಬ್ಬರೇ ಇರ್ತೀರಾ?"

ಹೌದು ಅಂದೆ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದೆ. ಅವರು ತಮ್ಮ ಕೈವಸ್ತ್ರ ಕೊಟ್ಟು, ನಾನು ಸುಮ್ಮನಾಗುವವರೆಗೆ ಪಕ್ಕದಲ್ಲೇ ಕೂತರು.

ಚಳಿಗಾಲಕ್ಕೆ ಮೊದಲು ಅಜ್ಜಿಯ ಮಗಳು ಬಂದು ಅವರನ್ನು ಬೇರೆ ಊರಿಗೆ ಕರೆದುಕೊಂಡು ಹೋದಳು. ಚಿತ್ರವನ್ನು ನನಗೇ ಕೊಟ್ಟು ಹೋಗಿದ್ದರು. ಮನೆಗೆ ತಂದಾಗ ಗಂಡ ಕೈಯಲ್ಲಿ ಹಿಡಿದು ನೋಡಿದರು.

"ಚೆನ್ನಾಗಿದೆ. ಆದರೆ ಯಾಕಿಷ್ಟು ಸಪ್ಪಗಿದ್ದೀಯ ಇದರಲ್ಲಿ?"

"ಆವತ್ತು ತುಂಬ ಸೆಕೆಯಿತ್ತು," ಅಂದೆ.