ಮೇಲಿನ ತಟ್ಟೆಯ ಬಿಸಿ

ಬೇರೆಯವರ ಅಂಗಿಯ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಪೂವಯ್ಯ ಮಾವನ ಜೇಬಿನಲ್ಲಿ ಗಾಜಿನ ಥರ್ಮಾಮೀಟರ್ ಇರುತ್ತಿತ್ತು. ಕಾಫಿ ಬಂದರೆ ಮೊದಲು ಅದನ್ನು ಲೋಟಕ್ಕೆ ಅದ್ದುತ್ತಿದ್ದರು. ಪಾದರಸ ಏರಿ ನಿಲ್ಲುವವರೆಗೆ ಕಾದು, ಒರೆಸಿ ಜೇಬಿಗಿಟ್ಟು, ಆಮೇಲೆ ಗುಟುಕು. ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು.

"ನಿನ್ನ ಮಾವ ನನ್ನನ್ನೂ ಅಳೆದೇ ಕಟ್ಟಿಕೊಂಡದ್ದು" ಎನ್ನುತ್ತಿದ್ದರು ಸೀತತ್ತೆ.

"ಆ ದಿನ ಏರಿದ್ದು ಇನ್ನೂ ಇಳಿದಿಲ್ಲೆ" ಎಂದು ಮಾವನ ಉತ್ತರ. ಆ ಮನೆಯ ಮಾತಿನಲ್ಲಿ ಇಲ್ಲ ಎಂದರೆ ಇಲ್ಲೆ, ಇದೆ ಎಂದರೆ ಉಟ್ಟು.

ಮಾವ ನನ್ನ ತಾಯಿಯ ಅಣ್ಣ. ಮಿಲಿಟರಿಯ ವರ್ಕ್‌ಶಾಪಿನಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದವರು ಪೆನ್ಶನ್ ಪಡೆದು ನಾಪೋಕ್ಲಿನಾಚೆಯ ತೋಟಕ್ಕೆ ಬಂದು, ಏಲಕ್ಕಿ ಒಣಗಿಸುವ ಗೂಡು ಕಟ್ಟಿಸಿದ್ದರು. ಕೆಳಗೆ ಒಲೆ, ನೆಲದ ಮೇಲೆ ಹಾಯುವ ಬಿಸಿ ಕೊಳವೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ತಟ್ಟೆಗಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿದ್ದ ನಾನು ಕೆಲಸ ಸಿಗುವವರೆಗೆ ಅಲ್ಲಿದ್ದೆ.

ಗೂಡಿನಲ್ಲಿ ಅವರು ಎರಡು ಉಪಕರಣ ಇಟ್ಟಿದ್ದರು. ಒಂದು ಜೇಬಿನ ಥರ್ಮಾಮೀಟರ್. ಇನ್ನೊಂದು ಅವರೇ ಮಾಡಿದ್ದು: ಹಿತ್ತಾಳೆ ಮತ್ತು ಉಕ್ಕಿನ ತಗಡುಗಳನ್ನು ಬೆಸೆದ ಒಂದು ಪಟ್ಟಿ. ಬಿಸಿಯಾದಂತೆ ಅದು ಬಾಗುತ್ತಾ ಹೋಗಿ, ಗೊತ್ತು ಮಾಡಿದ ಮಟ್ಟ ಮುಟ್ಟಿದಾಗ ತಂತಿಗೆ ತಾಗುತ್ತದೆ; ಬ್ಯಾಟರಿಯ ಗಂಟೆ ಬಡಿಯುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೆ.

"ಗಾಜಿನವನು ಮಾತುಗಾರ. ಒಂದೊಂದು ಡಿಗ್ರಿಯ ಕಥೆಯನ್ನೂ ಹೇಳ್ತಾನೆ. ಆದ್ರೆ ನೀನು ಹೋಗಿ ಕೇಳಬೇಕು. ಗಂಟೆಯವನಿಗೆ ಎರಡೇ ಮಾತು, ಆಯ್ತು, ಆಗಿಲ್ಲೆ. ಆದ್ರೆ ನೀನು ಎಲ್ಲಿದ್ರೂ ಕೂಗಿ ಕರೀತಾನೆ. ಯಾರು ಬೇಕು ಅಂತ ನಿನ್ನ ಭಯ ಹೇಳ್ತದೆ, ಬಿಎಸ್ಸಿ ಸಾಹೇಬ."

ಎರಡನ್ನೂ ಅವರು ಎಲ್ಲಕ್ಕಿಂತ ಮೇಲಿನ ತಟ್ಟೆಯ ಪಕ್ಕ ತೂಗುಹಾಕುತ್ತಿದ್ದರು. ನಮ್ಮ ಕಡೆಯ ಎಲ್ಲ ಗೂಡುಗಳಲ್ಲೂ ಅದೇ ರೂಢಿ. ಬಿಸಿ ಮೇಲಕ್ಕೇರುತ್ತದೆ, ಹೆಚ್ಚಾದರೆ ಮೊದಲು ಸಿಡಿದು ಬಣ್ಣ ಕೆಡುವುದು ಮೇಲಿನ ಏಲಕ್ಕಿ.

ಆ ಚಳಿಗಾಲದಲ್ಲಿ ಅವರ ಮಗಳು ದೇವಕಿ ಚೊಚ್ಚಲ ಹೆರಿಗೆಗೆ ಹುದಿಕೇರಿಯಿಂದ ಬಂದಿದ್ದಳು. ದಿನ ತುಂಬುವ ಬಹಳ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ಮಾವನ ಅಂಗೈಯಲ್ಲಿ ಮಲಗಿಸಿದರೆ ಕಾಲು ಮಣಿಕಟ್ಟು ದಾಟುತ್ತಿರಲಿಲ್ಲ. ನಾಪೋಕ್ಲಿನಿಂದ ಬಂದ ಡಾಕ್ಟರು, ಮಡಿಕೇರಿಗೆ ಜೀಪಿನಲ್ಲಿ ಒಯ್ದರೆ ದಾರಿಯ ಚಳಿಯೇ ಕೊಲ್ಲುತ್ತದೆ ಎಂದರು. ಮಗುವಿನ ಸುತ್ತ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇರಲಿ, ಹಾಲು ಕೊಡುವಾಗ ಬಿಟ್ಟರೆ ತೆರೆಯಬೇಡಿ. ಉಳಿಯುತ್ತದೆ ಎಂದು ಮಾತ್ರ ಅವರು ಹೇಳಲಿಲ್ಲ.

ಮಾವ ಹಲಗೆ ತಂದು ಮಧ್ಯಾಹ್ನದೊಳಗೆ ಪೆಟ್ಟಿಗೆ ಮಾಡಿದರು. ಮುಚ್ಚಳಕ್ಕೆ ಗಾಜು, ನಾಲ್ಕೂ ಬದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ನಡುವೆ ಹತ್ತಿಯ ಮೇಲೆ ಮಗು. ಪೆಟ್ಟಿಗೆಯನ್ನು ದೇವಕಿಯ ಹಾಸಿಗೆಯ ಪಕ್ಕ ಸಿಮೆಂಟು ನೆಲದ ಮೇಲಿಟ್ಟರು. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿದೆವು. ಗಂಟೆಯ ಪಟ್ಟಿಯನ್ನು ಅದರ ಜೊತೆ ಹೋಲಿಸಿ, ತೊಂಬತ್ತೈದಕ್ಕೆ ಬಡಿಯುವಂತೆ ಹೊಂದಿಸಿದೆವು. ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಮಾವ ಎರಡನ್ನೂ ಮುಚ್ಚಳದ ಒಳಮೈಗೆ ಕಟ್ಟಿದರು. ಅವರ ಕೈಗೆ ಗೊತ್ತಿದ್ದ ಜಾಗ ಅದೇ.

ಮರುದಿನ ಬೆಳಿಗ್ಗೆ ಗಂಟೆ ಬಡಿಯಿತು. ಮಾವ ಓಡಿಬಂದು ಎರಡು ಬಾಟಲಿ ತೆಗೆದರು. ಗಂಟೆ ನಿಂತಿತು. ಗಾಜಿನೊಳಗೆ ಪಾದರಸ ತೊಂಬತ್ತಕ್ಕೆ ಇಳಿದು ಅಲ್ಲೇ ನಿಂತದ್ದನ್ನು ನನಗೂ ತೋರಿಸಿದರು. ಗಂಟೆ ಒಂದೇ ಸಲ ಬಡಿಯಿತೋ, ಇನ್ನೂ ಒಮ್ಮೆ ಬಡಿದು ಇನ್ನಷ್ಟು ಬಾಟಲಿ ತೆಗೆದರೋ? ನನ್ನ ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ. ಅದನ್ನು ಯಾವ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಲಿ?

ಸಂಜೆ ಬೆಳಕಿರುವಾಗಲೇ ಅತ್ತೆ ಹತ್ತಿಯ ಬತ್ತಿಯಲ್ಲಿ ಹಾಲು ಕೊಡಲು ಮುಚ್ಚಳ ಎತ್ತಿದರು. ಕೈ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

"ಮಗು ತಣ್ಣಗೆ ಉಟ್ಟು."

ಮಾವ ಥರ್ಮಾಮೀಟರ್ ನೋಡಿದರು. "ತೊಂಬತ್ತು ಉಟ್ಟಲ್ಲ" ಎಂದರು.

"ತೊಂಬತ್ತು ನಿಮ್ಮ ಗಾಜಿಗೆ. ಕೈ ಇಟ್ಟು ನೋಡಿ."

ಮಾವ ಕೈ ಇಡಲಿಲ್ಲ. ತೊಂಬತ್ತು ಉಟ್ಟಲ್ಲ, ತೊಂಬತ್ತು ಉಟ್ಟಲ್ಲ ಎಂದು, ಪಾದರಸವನ್ನೇ ಬೇಡಿಕೊಳ್ಳುವವರ ಹಾಗೆ ಹೇಳುತ್ತಲೇ ಇದ್ದರು. ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ಒಲೆಯ ಮುಂದೆ ಕೂತರು. ನಾನು ಬಾಟಲಿಗಳಿಗೆ ಮತ್ತೆ ನೀರು ಕಾಯಿಸಿದೆ. ಬೇಕಾಗಲಿಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಮಾವ ಪೆಟ್ಟಿಗೆಯನ್ನು ಅದೇ ಜಾಗಕ್ಕೆ ತಂದರು. ಅಷ್ಟೇ ಬಾಟಲಿಗಳಿಗೆ ಬಿಸಿನೀರು ತುಂಬಿದರು. ಮಗು ಮಲಗಿದ್ದ ಹತ್ತಿಯ ಕುಳಿಯಲ್ಲಿ ಥರ್ಮಾಮೀಟರ್ ಮಲಗಿಸಿ, ಮುಚ್ಚಳ ಹಾಕಿ, ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ಇನ್ನು ಯಾರಿಗೆ ಅಳೀತೀರಿ?" ಎಂದರು ಅತ್ತೆ.

ಮಾವ ಏಳಲಿಲ್ಲ. ನಾನು ಬಗ್ಗಿ ನೋಡಿದೆ. ಎಪ್ಪತ್ತೆರಡೋ, ಎಪ್ಪತ್ತೈದೋ. ಆ ಸಂಖ್ಯೆಯನ್ನು ನಿಜವಾಗಿ ಕಂಡೆನೇ, ಆಮೇಲೆ ಭೌತಶಾಸ್ತ್ರದ ತರ್ಕದಿಂದ ಕಟ್ಟಿಕೊಂಡೆನೇ, ಹೇಳಲಾರೆ. ಕೆಳಗೆ ತಣ್ಣನೆಯ ಸಿಮೆಂಟು ನೆಲ, ಮೇಲೆ ಬೆಚ್ಚಗಿನ ಗಾಜು. ಗಂಟೆ ಹೆದರಲು ಕಲಿತದ್ದು ಏಲಕ್ಕಿಯ ಹೆದರಿಕೆಯನ್ನು. ಚಳಿಗೆ ಬಡಿಯುವುದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಅಷ್ಟು ಬೇಗ ಹುಟ್ಟಿದ ಮಗು ಹೇಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಇರಬಹುದು. ಆ ಮಾತನ್ನು ಮಾವ ಒಂದು ದಿನವೂ ಬಳಸಿಕೊಳ್ಳಲಿಲ್ಲ.

ದೇವಕಿ ಹುದಿಕೇರಿಗೆ ಹೊರಡುವಾಗ ಅಪ್ಪನ ಕಾಲಿಗೆ ಬಿದ್ದು ಒಂದೇ ಮಾತು ಹೇಳಿದಳು: "ಗಂಟೆ ಬಡಿದಾಗ ನಾನು ಕಣ್ಣು ಮುಚ್ಚಿ ಮಲಗಿದೆ ಅಪ್ಪ, ಮಗು ಬೆಚ್ಚಗೆ ಉಟ್ಟು ಅಂತ."

ಆಮೇಲೆ ಮಾವ ಥರ್ಮಾಮೀಟರನ್ನು ಗೂಡಿನಲ್ಲೇ ಬಿಟ್ಟರು. ಜೇಬು ಖಾಲಿ. ಕಾಫಿ ಬಂದರೆ ಸುಮ್ಮನೆ ಕುಡಿಯುತ್ತಿದ್ದರು, ನಾಲಿಗೆ ಸುಟ್ಟರೂ. ಅತ್ತೆ ಅವರನ್ನು ಗೇಲಿ ಮಾಡುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಅದು.

ಮಾವನನ್ನು ಕಡೆಯ ಸಲ ನೋಡಿದ್ದು ಕೆಲವು ವರ್ಷಗಳ ನಂತರ, ನಾನು ರಜೆಯಲ್ಲಿ ಹೋಗಿದ್ದಾಗ. ಜ್ವರ ಬಿಡದೆ ಹಾಸಿಗೆ ಹಿಡಿದಿದ್ದರು. ಜ್ವರ ನೋಡುವ ಥರ್ಮಾಮೀಟರ್ ತೆಗೆದು ಬಾಯಿಗೆ ತಂದೆ. ಮುಖ ತಿರುಗಿಸಿದರು.

"ಮೇಲಿಂದು ಬೊತ್ತು" ಎಂದರು. ಬೇಡ ಎನ್ನುವಾಗಲೂ ಸ್ವರದಲ್ಲಿ ಸುಬೇದಾರಿಕೆ ಇತ್ತು. "ಕೆಳಗೆ ಹೋಗು. ಕಾಲು ಮುಟ್ಟಿ ಹೇಳು. ಬಿಸಿ ಉಟ್ಟಾ?"

ಕಂಬಳಿ ಸರಿಸಿ ಎರಡೂ ಪಾದ ಹಿಡಿದುಕೊಂಡೆ.

"ಉಟ್ಟು ಮಾವ" ಎಂದೆ.

ತಣ್ಣಗಿದ್ದವು. ಅದೊಂದನ್ನು ಮಾತ್ರ ನಾನು ಅನುಮಾನಿಸಲಾರೆ.