ತೋಟದ ಕೆಳಗಿನ ತೇವದ ಮನೆ

ಖಡಕ್ ರೊಟ್ಟಿಗೆ ಬೂಷ್ಟು ಹಿಡಿದದ್ದನ್ನು ನಾನು ಮೊದಲು ನೋಡಿದ್ದು ತಿಪಟೂರು ಸೀಮೆಗೆ ಬಂದ ಮೇಲೆ. ಸೇಡಂ ಕಡೆಯ ನಮ್ಮ ಊರಿನಲ್ಲಿ ಸಜ್ಜೆ ರೊಟ್ಟಿಯನ್ನು ಬಡಿದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ತಿಂಗಳಾದರೂ ಹಪ್ಪಳದ ಹಾಗೆ ಮುರಿಯುತ್ತದೆ. ಇಲ್ಲಿ ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಒಂದು ವಾರದ ನಂತರ ಬಿಚ್ಚಿದೆ. ರೊಟ್ಟಿ ಮೆತ್ತಗಾಗಿ ಬಾಗುತ್ತಿತ್ತು. ಅಂಚಿನುದ್ದಕ್ಕೂ ಹಸಿರು ಬಣ್ಣದ ನವಿರು ರೋಮ. ಅದರ ಹಿಂದಿನ ಗೋಡೆಯ ಮೇಲೂ ಅದೇ ಹಸಿರು, ಕೆಳಗೆ ಹೋದಂತೆ ಕಪ್ಪು.

ನಾನು ಸರ್ಕಾರಿ ಹೈಸ್ಕೂಲಿನ ಹಿಂದಿ ಶಿಕ್ಷಕಿ. ಹೊನ್ನವಳ್ಳಿಗೆ ಹತ್ತಿರದ ಒಂದು ಊರಿಗೆ ನೇಮಕವಾದಾಗ ನಮ್ಮವರು, ಶರಣಪ್ಪ, ತಮ್ಮ ಹೊಲಿಗೆ ಯಂತ್ರವನ್ನು ಲಾರಿಗೆ ಹೇರಿಸಿ ನನ್ನ ಜೊತೆ ಹೊರಟುಬಂದರು. ಹೆಂಡತಿಯ ನೌಕರಿಯ ಹಿಂದೆ ಗಂಡ ಬಂದಿದ್ದಾನೆ ಎಂದು ನಮ್ಮ ಊರಲ್ಲಿ ನಕ್ಕವರಿದ್ದರು. ಶರಣಪ್ಪ ಹೇಳಿದ್ದು ಇಷ್ಟೇ: "ಮಂದಿ ಎಲ್ಲಿದ್ದರೂ ಅಂಗಿ ಹಾಕ್ಕೋತಾರ."

ನಮಗೆ ಸಿಕ್ಕಿದ್ದು ಶಾಲೆಯ ಪಕ್ಕದ ಶಿಕ್ಷಕರ ಕ್ವಾರ್ಟರ್ಸ್. ಎದುರಿಗೆ ಹುಣಸೆ ಮರ, ಹಿಂದೆ ನೆರೆಮನೆಯ ಗಂಗಮ್ಮಕ್ಕನ ತೆಂಗಿನ ತೋಟ. ತೋಟ ಎತ್ತರದಲ್ಲಿ, ಮನೆ ತಗ್ಗಿನಲ್ಲಿ. ಹಿಂಬದಿಯ ಕೋಣೆಯ ಅರ್ಧ ಗೋಡೆ ತೋಟದ ಬದುವಿಗೆ ಒರಗಿಕೊಂಡಿತ್ತು. ಆ ಕೋಣೆಯಲ್ಲೇ ಶರಣಪ್ಪ ಯಂತ್ರ ಹೂಡಿದರು.

ನಮ್ಮ ಕಡೆ ಬಿಸಿಲೇ ಮನೆಯ ಹಿರಿಯ. ಹಾಸುಗಲ್ಲಿನ ಮನೆ ಬೇಸಿಗೆಯಲ್ಲಿ ಕಾದು ಹಂಚಾಗುತ್ತದೆ. ನೀರು ಚೆಲ್ಲಿದರೆ ಒರೆಸುವ ಮೊದಲೇ ಆರಿಹೋಗುತ್ತದೆ. ಇಲ್ಲಿ ತೆಂಗಿನ ನೆರಳು ಹಿತವಾಗಿತ್ತು. ಮುದ್ದೆ ನುಂಗುವುದನ್ನು ಗಂಗಮ್ಮಕ್ಕ ಕಲಿಸಿದರು. "ಅಗಿಬ್ಯಾಡ ಟೀಚರಮ್ಮ, ಸಾರಲ್ಲಿ ಅದ್ದಿ ಒಳಿಕ್ ಬುಡು" ಎನ್ನುತ್ತಿದ್ದರು. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಸಾರಿಗೆ ಇವರು ಬಸ್ಸಾರು ಎನ್ನುತ್ತಾರೆ. ಅದು ನನಗೆ ಬೇಗ ಒಗ್ಗಿತು. ಮಾತು ಒಗ್ಗಲು ತಡವಾಯಿತು. ನಾನು "ಛಲೋ ಬರದೀರಿ" ಎಂದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಹಿಂದಿ ಮೇಡಂ ಕನ್ನಡ ಮಾತಾಡಿದರೂ ಹಿಂದಿಯ ಹಾಗೇ ಇರುತ್ತದೆ ಎಂದು ಮನೆಯಲ್ಲಿ ಹೇಳಿದ್ದರಂತೆ.

ಊರಿನ ಹೆಂಗಸರನ್ನು ಮೊದಲು ಗೆದ್ದವರು ಶರಣಪ್ಪನೇ. ಅವರು ಹೊಲಿದ ರವಿಕೆ ಮೈಗೆ ಸರಿಯಾಗಿ ಕೂರುತ್ತದೆ ಎಂದು ಗಂಗಮ್ಮಕ್ಕ ಹೇಳಿದ್ದೇ, ಹಿಂದಿನ ಕೋಣೆ ಬಟ್ಟೆಯಿಂದ ತುಂಬಿತು.

ಮಳೆಗಾಲದಲ್ಲಿ ಗೋಡೆಯ ಕಪ್ಪು ಮೇಲೇರಿತು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ, ಸುಣ್ಣ ಬಳಿಸಿದೆ. ಸುಣ್ಣದ ಒಳಗಿಂದಲೇ ಅದು ಮತ್ತೆ ಇಣುಕಿತು. ಶರಣಪ್ಪನವರಿಗೆ ಕೆಮ್ಮು ಶುರುವಾದದ್ದು ಆಗಲೇ. ಮೊದಲು ಬೆಳಗಿನ ಹೊತ್ತು, ಬರಬರುತ್ತ ಯಂತ್ರದ ಮುಂದೆ ಕೂತಾಗಲೆಲ್ಲ. ಉಸಿರು ಬಿಟ್ಟರೆ ಎದೆಯಲ್ಲಿ ಸಣ್ಣ ಸಿಳ್ಳೆ. ಹತ್ತಿರದ ಡಾಕ್ಟರೊಬ್ಬರು ನೋಡಿ, "ಬೀಡಿ ಬುಡ್ರಿ ಮೊದ್ಲು" ಎಂದರು. ಜೀವಮಾನದಲ್ಲಿ ಬೀಡಿ ಮುಟ್ಟದ ಮನುಷ್ಯ ತಲೆ ತಗ್ಗಿಸಿಕೊಂಡು ಬಂದರು.

ಕಫದ ಪರೀಕ್ಷೆಯಾಯಿತು. ಕ್ಷಯ ಇಲ್ಲ ಎಂದು ಬಂತು. ಆದರೆ ಪರೀಕ್ಷೆ ಮಾಡಿಸಿದ ಸುದ್ದಿ ಹರಡಿದಷ್ಟು ವೇಗವಾಗಿ ಫಲಿತಾಂಶ ಹರಡಲಿಲ್ಲ. ಒಬ್ಬೊಬ್ಬರೇ ಹೆಂಗಸರು ಬಂದು, ಹೊಲಿಯದ ಬಟ್ಟೆಯನ್ನು ಬಾಗಿಲಲ್ಲೇ ಇಸಿದುಕೊಂಡು ಹೋದರು. "ಹಬ್ಬ ಮುಂದೈತೆ, ಆಮೇಕೆ ತತ್ತೀನಿ" ಎನ್ನುವ ಮಾತು. ಒಳಗೆ ಬಂದು ಕೂರುತ್ತಿದ್ದವರು ಗಂಗಮ್ಮಕ್ಕ ಒಬ್ಬರೇ.

ದಸರಾ ರಜೆಗೆ ಊರಿಗೆ ಹೋದೆವು. ಮೂರನೆಯ ರಾತ್ರಿ ಶರಣಪ್ಪ ಕೆಮ್ಮದೆ ಮಲಗಿದರು. ಅತ್ತೆಯ ಮುಖ ಅರಳಿತು. "ಆ ಊರಿನ ನೀರ ನಿನಗ ಆಗಿಬರಂಗಿಲ್ಲ. ಇಲ್ಲೇ ಇದ್ದುಬಿಡು" ಎಂದರು. ರಜೆ ಮುಗಿಸಿ ಬಂದು ಯಂತ್ರದ ಮುಂದೆ ಕೂತ ಮರುದಿನವೇ ಸಿಳ್ಳೆ ಮರಳಿತು. ನನ್ನ ನೌಕರಿ ಬೇಕೋ, ಅವರ ಉಸಿರು ಬೇಕೋ ಎಂಬ ಲೆಕ್ಕಕ್ಕೆ ಬಂತಲ್ಲ ಎಂದು ನನಗೆ ಅಂದು ಅಳು ಬಂತು.

ತಾಲ್ಲೂಕಿನ ಆಸ್ಪತ್ರೆಗೆ ಎದೆರೋಗದ ವೈದ್ಯೆಯೊಬ್ಬರು ಬರುತ್ತಾರೆಂದು ಕೇಳಿ ಅಲ್ಲಿಗೆ ಹೋದೆವು. ಆಕೆ ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲು ಕೇಳಿದರು: "ಊರಿಗೆ ಹೋದಾಗ ಕಡಿಮೆ ಆಗುತ್ತಾ?"

"ಪೂರಾ ಕಡಿಮಿ ಆಗ್ತದ್ರಿ" ಎಂದರು ಶರಣಪ್ಪ.

"ಮನೇಲಿ ಎಲ್ಲಾದ್ರೂ ತೇವ ಇದೆಯಾ? ಬೂಷ್ಟು?"

ನಾನು ಫೋನಿನಲ್ಲಿ ಗೋಡೆಯ ಚಿತ್ರ ತೋರಿಸಿದೆ. ಆಕೆ ಅದನ್ನು ದೊಡ್ಡದು ಮಾಡಿ ನೋಡಿದರು. ಬೂಷ್ಟಿನಿಂದ ಕಣ್ಣಿಗೆ ಕಾಣದ ಧೂಳು ಏಳುತ್ತದೆ, ಕೆಲವರ ಶ್ವಾಸನಾಳ ಅದಕ್ಕೆ ಕೆರಳಿ ಬಿಗಿಯುತ್ತದೆ ಎಂದು ಬಿಡಿಸಿ ಹೇಳಿದರು. ಊದಿಸಿ ಪರೀಕ್ಷೆ ಮಾಡಿದರು. ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಕೊಟ್ಟರು. "ಔಷಧಿ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧ ಆ ಕೋಣೆ ಬಿಡೋದು" ಎಂದು, ಅದನ್ನೇ ಚೀಟಿಯಲ್ಲೂ ಬರೆದರು.

ಗೋಡೆಯ ವಿಷಯವಾಗಿ ನಾನು ಹಿಂದೆಯೂ ಅರ್ಜಿ ಕೊಟ್ಟಿದ್ದೆ. ಇಲಾಖೆಯ ಎಂಜಿನಿಯರ್ ಬಂದು, "ಕಿಟಕಿ ತೆಗೆದಿಟ್ಟಿರಿ ಮೇಡಂ, ನಿಮ್ ಕಡೆಯೋರಿಗೆ ಥಂಡಿ ಅಭ್ಯಾಸ ಇಲ್ಲ, ಅಷ್ಟೇ" ಎಂದು ಹೋಗಿದ್ದರು. ಈ ಸಲ ವೈದ್ಯೆಯ ಚೀಟಿ ಲಗತ್ತಿಸಿ ಮತ್ತೆ ಕೊಟ್ಟೆ. ಮುಖ್ಯೋಪಾಧ್ಯಾಯರು ತಾವೇ ಕಚೇರಿಗೆ ಅಲೆದರು. ಕೊನೆಗೆ ಅದೇ ಎಂಜಿನಿಯರ್ ಜೊತೆ ಆರೋಗ್ಯ ನಿರೀಕ್ಷಕರೂ ಬಂದರು.

ನಿರೀಕ್ಷಕರು ಗೋಡೆಗೆ ಅಂಗೈ ಒತ್ತಿ ನೋಡಿದರು. ಹೊರಗೆ ಹೋಗಿ ಬದು ಹತ್ತಿದರು. ಬೋರ್‌ವೆಲ್ ನೀರಿನ ಕಾಲುವೆ ನಮ್ಮ ಗೋಡೆಯ ನೆತ್ತಿಯ ಮೇಲೇ ಹಾದುಹೋಗಿತ್ತು. ಗಿಡದ ಮರೆ, ನಮಗೆ ಕಂಡಿರಲಿಲ್ಲ.

"ತೋಟ ಯಾರ್ದು?" ಎಂದು ಕೇಳಿದರು.

ಗಂಗಮ್ಮಕ್ಕ ಅಲ್ಲೇ ನಿಂತಿದ್ದರು. "ನಮ್ದೇ ಕಣಪ್ಪ" ಎಂದವರು ನನ್ನತ್ತ ನೋಡಿದರು. ಅವರ ಮೇಲೆ ದೂರು ಕೊಡಲೆಂದೇ ನಾನು ಇವರನ್ನು ಕರೆಸಿದ್ದೇನೆ ಎಂಬಂತೆ ಇತ್ತು ಆ ನೋಟ.

ಸ್ವಲ್ಪ ದಿನದಲ್ಲಿ ವರದಿ ಬಂತು. ಗೋಡೆಗೆ ನೀರು ಇಳಿಯುತ್ತಿದೆ, ಒಳಗೆ ಬೂಷ್ಟು ಬೆಳೆದಿದೆ, ಅದು ಉಸಿರಾಟಕ್ಕೆ ಹಾನಿಕರ, ದುರಸ್ತಿಯಾಗುವ ತನಕ ಮನೆ ವಾಸಕ್ಕೆ ಯೋಗ್ಯವಲ್ಲ ಎಂದಿತ್ತು. ಬೇರೆ ಮನೆಗೆ ಹೋಗಲು ಅನುಮತಿಯೂ ಇತ್ತು. ಶರಣಪ್ಪ ಅದನ್ನು ಇಸಿದುಕೊಂಡು ಬೆರಳಿಟ್ಟು ಓದಿದರು. ಮತ್ತೆ ಓದಿದರು.

"ನನ್ನೊಳಗಿಂದು ಅಲ್ಲಂತ ಬರದಾರ ನೋಡು" ಎಂದರು. "ಗ್ವಾಡಿದು ಅಂತ ಬರದಾರ."

ಬಟ್ಟೆಯನ್ನು ಬಾಗಿಲಲ್ಲೇ ಇಸಿದುಕೊಂಡು ಹೋದವರ ಬಗ್ಗೆ ಅವರು ಒಂದು ದಿನವೂ ಆಡಿಕೊಂಡಿರಲಿಲ್ಲ. ಆ ಮಾತು ಕೇಳಿದಾಗಲೇ ಅವರಿಗೆ ಎಷ್ಟು ನೋವಾಗಿತ್ತೆಂದು ನನಗೆ ತಿಳಿದದ್ದು.

ಬಸ್ಸಿನ ರಸ್ತೆಯಲ್ಲಿ ಬಿಸಿಲು ಬೀಳುವ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಸಾಮಾನು ಸಾಗಿಸುವಾಗಲೂ ಗಂಗಮ್ಮಕ್ಕ ಹೊರಗೆ ಬರಲಿಲ್ಲ. ನಾನೇ ಹೋಗಿ ಮಾತಾಡಬೇಕಿತ್ತು, ಧೈರ್ಯ ಸಾಲಲಿಲ್ಲ. ಹೊಸ ಮನೆಗೆ ಬಂದ ಮೇಲೆ ಒಂದು ಸಂಜೆ ಅವರೇ ಬಂದರು, ಕಂಕುಳಲ್ಲಿ ರವಿಕೆ ಬಟ್ಟೆ. ನೇರವಾಗಿ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಕಾಲುವೆ ಮುಚ್ಚಿಸ್ದೆ. ಪೈಪು ಎಳೆಸಿದೀನಿ, ಆ ಕಡೀಂದ" ಎಂದರು. "ಮೊದ್ಲೇ ಒಂದ್ ಮಾತು ಹೇಳಿದ್ರೆ ಆಯ್ತಿರ್ಲಿಲ್ವಾ ಟೀಚರಮ್ಮ?"

"ನಮಗೂ ಗೊತ್ತಿರಲಿಲ್ಲಕ್ಕ. ಮಳಿ ನೀರು ಅಂದ್ಕೊಂಡಿದ್ದೆ."

ಅವರು ರವಿಕೆ ಬಟ್ಟೆಯನ್ನು ಯಂತ್ರದ ಮೇಲಿಟ್ಟರು. ಆಮೇಲೆ ಶರಣಪ್ಪನವರ ಕಡೆ ತಿರುಗಿ, "ನನ್ ನೀರು ನಿಮ್ ಎದೆಗ್ ಇಳೀತು. ನಾನೂ ದಿನಾ ಬಂದು ಕೂರ್ತಿದ್ದೆ, ಗೋಡೆ ಕಡೆ ನೋಡ್ಲೇ ಇಲ್ಲ" ಎಂದರು.

"ಇರ್ಲಿ ಬುಡಿ ಅಕ್ಕ" ಎಂದರು ಶರಣಪ್ಪ. ಅವರ ಬಾಯಲ್ಲಿ 'ಬುಡಿ' ಕೇಳಿ ಮೂವರೂ ನಕ್ಕೆವು.

ಮರುವಾರದಿಂದ ಹೆಂಗಸರು ಮತ್ತೆ ಬರತೊಡಗಿದರು. ಯಾರು ಯಾರಿಗೆ ಏನು ಹೇಳಿದರೋ ನಾವು ಕೇಳಲಿಲ್ಲ. ಕೆಮ್ಮು ಪೂರಾ ಹೋಗಿಲ್ಲ. ಮೋಡ ಮುಚ್ಚಿದ ದಿನ ಈಗಲೂ ಔಷಧಿ ಎಳೆದುಕೊಳ್ಳುತ್ತಾರೆ. ಬೇಸಿಗೆ ರಜೆಯಲ್ಲಿ ಅತ್ತೆ ಮತ್ತೆ, ಇಲ್ಲೇ ಇದ್ದುಬಿಡು ಎಂದರು. ಹಾಸುಗಲ್ಲಿನ ಮೇಲೆ ಅಂಗಾತ ಮಲಗಿ ಆಳವಾಗಿ ಉಸಿರೆಳೆಯುತ್ತಿದ್ದ ಶರಣಪ್ಪ, "ಅಲ್ಲಿ ಮದುವಿ ರವಿಕಿ ಹೊಲಿಯೋದು ಹಂಗೇ ಉಳದದ ಅವ್ವ" ಎಂದರು. ನನ್ನ ಮಾತಿಗೆ ಈಗ ನಮ್ಮ ಊರಿನ ಮಕ್ಕಳೂ ನಗುತ್ತಾರೆ.

ರಜೆ ಮುಗಿಸಿ ಬರುವಾಗ ತಿಪಟೂರಿನಲ್ಲಿ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ಹೆಂಗಸು, "ಯಾವೂರು ಕಣಮ್ಮ ನಿಮ್ದು?" ಎಂದು ಕೇಳಿದರು. ನಾನು "ಸೇಡಂ" ಎಂದೆ. ಅದೇ ಗಳಿಗೆಗೆ ಶರಣಪ್ಪ, "ಇಲ್ಲೇ, ಹೊನ್ನವಳ್ಳಿ ಹತ್ರ" ಎಂದರು. ಆಕೆ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ ಕಾದರು. ನಾವಿಬ್ಬರೂ ಹೇಳಿದ್ದನ್ನು ತಿದ್ದಲಿಲ್ಲ.