ಕಲ್ಲಪ್ಪನ ಬೈಗುಳದ ಸಂಘ

ಇವತ್ತು ಬೆಳಿಗ್ಗೆ ಅಂಬೇವಾಡಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಪುಣ್ಯಾತ್ಮ ಬೀಡಿ ಹಚ್ಚಿದ. ವಾಸನೆ ಮೂಗಿಗೆ ಬಡಿದದ್ದೇ ತಡ, ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಕಿಸೆಯಲ್ಲಿ ಈಗ ಇರುವುದು ಬಿಪಿ ಗುಳಿಗೆ. ನನ್ನ ಕೈಗೆ ನನಗಿಂತಲೂ ಬುದ್ಧಿ ಕಡಿಮೆ, ಏನು ಮಾಡುವುದು ಹೇಳಿ.

ಆಗ ನಾನು ದುಡಿಯುತ್ತಿದ್ದ ಕಾಗದದ ಮಿಲ್ಲಿನೊಳಗೆ ಕಡ್ಡಿ ಗೀರುವಂತಿರಲಿಲ್ಲ. ಪಾಳಿ ಮುಗಿದದ್ದೇ ನಾವು ಗೆಳೆಯರೆಲ್ಲ ಗೇಟಿನೆದುರಿನ ಪಾನ್ ಅಂಗಡಿಗೆ ಓಡಿ, ಒಳಗೆ ಸೇದಲಾರದ್ದನ್ನೂ ಸೇರಿಸಿ ಸೇದುತ್ತಿದ್ದೆವು. ಮೆಟ್ಟಿಲು ಹತ್ತಿದರೆ ನನಗೆ ಏದುಸಿರು. ಡಾಕ್ಟರು, "ಹಿಂಗ ಸೇದಿದ್ರ ಮಗಳ ಮದುವಿ ನೋಡಂಗಿಲ್ಲ ನೀವು. ಒಬ್ಬರ ಕಡಿಂದ ಆಗೂ ಕೆಲಸ ಅಲ್ಲ, ಗುಂಪು ಕಟ್ಟಿಕೊಂಡ ಬಿಡ್ರಿ" ಎಂದರು. ಕಟ್ಟಿದೆವು. ಆದರೆ ಒಟ್ಟಿಗೆ ಕೂರಲು ನಮಗೆ ಗೊತ್ತಿದ್ದ ಜಾಗ ಒಂದೇ, ಅದೇ ಪಾನ್ ಅಂಗಡಿಯ ಕಟ್ಟೆ. ಮೊದಲ ಸಭೆಯಲ್ಲಿ ಎಲ್ಲರೂ ಕಣ್ಣು ಒದ್ದೆ ಮಾಡಿಕೊಂಡು ಕೊನೆಯ ಬೀಡಿ ಸೇದಿದೆವು. ಮುಂದಿನ ಸಭೆಯಲ್ಲೂ ಕೊನೆಯದನ್ನೇ ಸೇದಿದೆವು. ಅಂಗಡಿಯವನಿಗೆ ನಮ್ಮ ಸಂಘದ ಮೇಲೆ ಬಹಳ ಅಭಿಮಾನ ಬಂತು.

ಕೊನೆಗೆ ರೇಗಿದವನು ಕಲ್ಲಪ್ಪ. ನನ್ನದೇ ಪಾಳಿಯವನು, ಬೈಗುಳದಲ್ಲಿ ಪಂಡಿತ. "ಸಭಾ ಗಿಭಾ ಸಾಕ. ಸೇದಬೇಕ ಅನಿಸಿದ್ರ ನನಗ ಫೋನ್ ಮಾಡ್ರಿ. ಚಟಾ ಇಳಿಯೂತನಕ ಬೈತೇನಿ" ಎಂದ. ಅದೇ ನಿಯಮವಾಯಿತು. ಫೋನ್ ಮಾಡಿದರೆ, "ಏ ಭಾಡ್ಯಾ, ನಿನ್ನ ಹೆಣಾ ಎತ್ತಲಿ!" ಎಂದೇ ಶುರು. ನನ್ನನ್ನು ಮಗಳ ಮದುವೆಯ ತನಕ ಮುಟ್ಟಿಸಿದ್ದು ಆ ಶಾಪವೇ. ಅವನ ಹೆಂಡತಿ ಶಾಂತಕ್ಕ ಮಾತ್ರ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದರಂತೆ. ಅವರು ನಾಯಿಗೂ "ಬರ್ರಿ" ಎನ್ನುವ ಹೆಂಗಸು.

ನಾವೆಲ್ಲ ಬಿಟ್ಟೆವು, ಕಲ್ಲಪ್ಪನೂ ಬಿಟ್ಟ. ಆದರೆ ಅವನ ಗಂಟಲಿನ ಮಟ್ಟಿಗೆ ತಡವಾಗಿತ್ತು. ಹೋದ ವರ್ಷ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಆಮೇಲೆ ಅವನ ಮನೆಗೇ ಹೋಗಿ ಎದುರಿಗೆ ಕೂತು ಬರುತ್ತಿದ್ದೆ. ಬೈಯಲಾರದ ಕಲ್ಲಪ್ಪನಿಗೆ ಫೋನ್ ಮಾಡಿ ಏನು ಮಾಡುವುದು.

ಇವತ್ತು ಸ್ಟಾಪಿನ ಆ ಪುಣ್ಯಾತ್ಮ ಹಲ್ಲು ಕಿರಿದು ನನಗೂ ಒಂದು ಬೀಡಿ ಚಾಚಿದ. ತೆಗೆದುಕೊಂಡೂ ಬಿಟ್ಟೆ. ಹೆದರಿಕೆಯಾಯಿತು. ಹಳೆಯ ರೂಢಿಯಂತೆ ಕಲ್ಲಪ್ಪನ ನಂಬರ್ ಒತ್ತಿದೆ. ಅತ್ತ ಬರಿಯ ಉಸಿರು.

"ಕಲ್ಲಪ್ಪಾ, ಕೈಯಾಗ ಬೀಡಿ ಐತೋ" ಎಂದೆ.

ದಬದಬ ಏನೋ ಬಡಿದ ಸದ್ದು. ಆಮೇಲೆ ಶಾಂತಕ್ಕನ ದನಿ: "ಅಣ್ಣಾರ, ಇವರು ಟೇಬಲ್ ಬಡಿಯಾಕತ್ತಾರ. ತಮ್ಮ ಬದ್ಲಿ ನಾ ಬೈಬೇಕಂತ." ಗಂಟಲು ಸರಿಮಾಡಿಕೊಂಡರು. "ತಪ್ಪ ತಿಳಕೋಬ್ಯಾಡ್ರಿ. ಭಾಡ್ಯಾ... ನಿಮ್ಮ ಹೆಣಾ ಎತ್ತಲಿ ರೀ!"

ಮತ್ತೆ ಟೇಬಲ್ಲಿನ ಸದ್ದು. "ಇನ್ನೂ ಜೋರ ಬೈ ಅಂತಾರ್ರಿ" ಎಂದರು ಶಾಂತಕ್ಕ. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಬೀಡಿಯನ್ನು ಕೊಟ್ಟವನಿಗೇ ಮರಳಿಸಿದೆ. "ಬೈರಿ ಶಾಂತಕ್ಕಾ, ಅವಾ ಹೇಳಿದಷ್ಟೂ ಬೈರಿ" ಎಂದೆ. ಬಸ್ಸು ಬಂತು, ಹೋಯಿತು. ನಾನು ಬೈಸಿಕೊಳ್ಳುತ್ತ ನಿಂತೇ ಇದ್ದೆ.